ಪಕ್ಕದ ಮನೆಯ ಅಜ್ಜಿ ರಸ್ತೆಯಲ್ಲಿ ಮಲಗಿದ್ದರಂತೆ

ನಾನಿರೋದು ನೆದರ್ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ. ಮೊನ್ನೆ ಅಪ್ಪ ವಿಡಿಯೊ ಕಾಲ್‌ನಲ್ಲಿ ಬೆಂಗಳೂರು ಜಯನಗರದ ನಮ್ಮ ಬೀದಿ ತೋರಿಸುತ್ತಿದ್ದರು. ಸಾಲಾಗಿ ನಿಂತ ಕಾರುಗಳ ನಡುವೆ, ನೆಲದ ಮೇಲೆ ಅರ್ಧ ಅಳಿಸಿಹೋದ ಸೈಕಲ್ ಚಿತ್ರ. ನನ್ನ ಮನೆಗೆ ಕಾಫಿಗೆ ಬಂದಿದ್ದ ಪಕ್ಕದ ಮನೆಯ ಡಚ್ ಅಜ್ಜಿ ಅದನ್ನು ನೋಡಿಬಿಟ್ಟರು. "ಸೈಕಲ್ ದಾರಿಯಲ್ಲಿ ಕಾರು ಯಾಕೆ?" ಅಂದರು.

"ನಮ್ಮ ಜನಕ್ಕೆ ನಿಮ್ಮವರಷ್ಟು ಶಿಸ್ತಿಲ್ಲ" ಅಂದೆ. ಅಜ್ಜಿ ಜೋರಾಗಿ ನಕ್ಕರು. "ನಮಗೆಲ್ಲಿತ್ತು ಶಿಸ್ತು? ಕಾರು ತಡೆಯೋಕೆ ನಾನೇ ರಸ್ತೆಯಲ್ಲಿ ಮಲಗಿದ್ದೆ!"

ಅಪ್ಪನಿಗೆ ಇದನ್ನು ಹೇಳಿದೆ. "ಇಲ್ಲಿ ಮಲಗಿದ್ರೆ ಮೇಲೇ ಪಾರ್ಕ್ ಮಾಡ್ತಾರೆ ಅಂತ ಹೇಳು ಅವರಿಗೆ" ಅಂದರು.

ಅಜ್ಜಿ ಹೇಳಿದ್ದು ತಮಾಷೆಯಲ್ಲ. 1971ರಲ್ಲಿ ನೆದರ್ಲ್ಯಾಂಡ್ಸ್ ರಸ್ತೆಗಳಲ್ಲಿ 3,000ಕ್ಕೂ ಜಾಸ್ತಿ ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. 'ಮಕ್ಕಳ ಕೊಲೆ ನಿಲ್ಲಿಸಿ' ಅಂತ ಅಪ್ಪ ಅಮ್ಮಂದಿರು ಬೀದಿಗಿಳಿದರು. ನಮ್ಮ ಉಟ್ರೆಕ್ಟ್‌ನಲ್ಲಂತೂ ಊರ ಸುತ್ತಲಿನ ಕಾಲುವೆಯ ಒಂದು ಭಾಗವನ್ನೇ ಬತ್ತಿಸಿ ಕಾರಿಗೆ ರಸ್ತೆ ಮಾಡಿದ್ದರು. ಅಲ್ಲಿಗೆ ಪೂರ್ತಿ ನೀರು ಮರಳಿದ್ದು 2020ರಲ್ಲಿ.

ಈಗ ಸೈಕಲ್ ದಾರಿ ಹೇಗಿರಬೇಕು ಅನ್ನೋದಕ್ಕೆ ಇಲ್ಲಿ ರಸ್ತೆ, ಸಂಚಾರದ ಮಾರ್ಗಸೂಚಿ ಬರೆಯುವ ಕ್ರೋ (CROW) ಸಂಸ್ಥೆಯ ದಪ್ಪ ಕೈಪಿಡಿಯೇ ಇದೆ. ದಾರಿ ನಡುವೆ ಕಡಿಯಬಾರದು, ಸುತ್ತು ಹಾಕಿಸಬಾರದು. ಒಮ್ಮುಖ ದಾರಿಯಾದರೂ ಎರಡು ಮೀಟರ್ ಅಗಲ ಬೇಕು. ಇಬ್ಬರು ಅಕ್ಕಪಕ್ಕ ಮಾತಾಡಿಕೊಂಡು ಹೋಗಬಹುದು. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಅಡ್ಡರಸ್ತೆ ಸೇರುವ ಕಡೆ ಮಾಡಿರುವ ಏರ್ಪಾಡು. ಎಷ್ಟೋ ಕಡೆ ಸೈಕಲ್ ದಾರಿ ಅಲ್ಲಿ ಕೆಳಗಿಳಿಯೋದೇ ಇಲ್ಲ. ಕೆಂಪು ಡಾಂಬರು ಅದೇ ಎತ್ತರದಲ್ಲಿ ಸಾಗುತ್ತೆ. ಉಬ್ಬು ಹತ್ತಿ ಇಳಿಯಬೇಕಾದ್ದು ಕಾರು. ಬೋರ್ಡು, ಪೊಲೀಸು ಯಾವುದೂ ಬೇಡ, ಡ್ರೈವರ್ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತೆ. ನಾನು ಶಿಸ್ತು ಅಂದುಕೊಂಡಿದ್ದರಲ್ಲಿ ಅರ್ಧ ಈ ಉಬ್ಬಿನದೇ ಕೆಲಸ.

ನಮ್ಮಲ್ಲಿ ಪುಸ್ತಕ ಇಲ್ಲ ಅಂತಲ್ಲ. ರಸ್ತೆ ಎಂಜಿನಿಯರ್‌ಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಸೈಕಲ್ ದಾರಿಗೆ ಮಾನದಂಡ ಬರೆದಿತ್ತು, 2015ರಲ್ಲಿ ತಿದ್ದಿಯೂ ಇದೆ. ಆದರೆ ಜಯನಗರದಲ್ಲಿ ಬಿಳಿ ಬಣ್ಣ ಬಳಿದದ್ದಷ್ಟೇ. ಬಣ್ಣದ ಮೇಲೆ ಕಾರು ಹತ್ತಿಸೋಕೆ ಏನು ಕಷ್ಟ?

ಇನ್ನೊಂದು ನೆನಪಾಗುತ್ತೆ. 2006-07ರಿಂದ ನಮ್ಮ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡ್ತಿತ್ತಲ್ಲ, ಹಾಸನದ ಹತ್ತಿರ ಊರಲ್ಲಿರುವ ಚಿಕ್ಕಪ್ಪನ ಮಗಳಿಗೂ ಒಂದು ಸಿಕ್ಕಿತ್ತು. ಒಳ್ಳೆಯ ಯೋಜನೆ, ಎಷ್ಟೋ ಹೆಣ್ಣುಮಕ್ಕಳು ಅದನ್ನೇ ತುಳಿದು ಹೈಸ್ಕೂಲು ಮುಗಿಸಿದರು. ಇವಳ ಶಾಲೆಗೆ ಮಾತ್ರ ಹೆದ್ದಾರಿಯಲ್ಲೇ ಹೋಗಬೇಕಿತ್ತು. ಲಾರಿಗಳ ಪಕ್ಕ ಮಗಳನ್ನು ಕಳಿಸೋಕೆ ಚಿಕ್ಕಮ್ಮ ಒಪ್ಪಲೇ ಇಲ್ಲ, ಬಸ್ ಪಾಸ್ ಮಾಡಿಸಿದರು. ಆ ಸೈಕಲ್‌ನಲ್ಲಿ ಚಿಕ್ಕಪ್ಪ ಡೈರಿಗೆ ಹಾಲು ಹಾಕಿ ಬರ್ತಿದ್ದರು.