ಟಿವಿ ಕೇಬಲ್ ಸಿಗಿಸಿದರೆ ಆನ್ ಆಗದ ಕಂಪ್ಯೂಟರ್

ಎಚ್‌ಡಿಎಂಐ ಕೇಬಲ್ ತೆಗೆದರೆ ಕಂಪ್ಯೂಟರ್ ಸರಿಯಾಗಿ ಆನ್ ಆಗುತ್ತದೆ. ಅದೇ ಕೇಬಲ್ ಟಿವಿಗೆ ಸಿಗಿಸಿದ್ದರೆ ಆಗುವುದಿಲ್ಲ. ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಪರದೆ ಮೇಲೆ ಮಾತ್ರ ಏನೂ ಬರುವುದಿಲ್ಲ. ತೀರ್ಥಹಳ್ಳಿಯ ಅಕ್ಕನ ಮನೆಗೆ ಹೊಸ ಟಿವಿ ಬಂದ ಮೇಲೆ ಶುರುವಾದ ಕಾಟ ಇದು. ಅಂಗಡಿಯವರು ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬ, ಅಂದರೆ ಎಸ್‌ಎಂಪಿಎಸ್ ಹೋಗಿದೆ ಎಂದು ಹೊಸದು ಹಾಕಿದರು. ಏನೂ ಬದಲಾಗಲಿಲ್ಲ. ಆಮೇಲೆ ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಬೋರ್ಡು, ಅಂದರೆ ಮದರ್‌ಬೋರ್ಡ್ ಹೋಗಿದೆ ಎಂದರು. "ಇದಕ್ಕೂ ಟಿವಿಗೂ ಆಗಿಬರಲ್ಲ ಮಾರಾಯ, ಬಿಟ್ಟುಬಿಡೋಣ" ಎಂದು ಭಾವ ಫೋನ್ ಮಾಡಿದರು. ಬೋರ್ಡಿಗೆ ದುಡ್ಡು ಕೊಡಬೇಡಿ ಭಾವ, ನಾನು ಬಂದು ನೋಡ್ತೀನಿ ಎಂದೆ.

ಬೋರ್ಡ್ ಹೋಗಿರಲಿಲ್ಲ. ಇದನ್ನು ಬರೆಯುತ್ತಿರುವುದೇ ಅದಕ್ಕೆ. ಕೇಬಲ್ ತೆಗೆದಾಗ ಪ್ರತಿಸಲವೂ ಸರಿಯಾಗಿ ಆನ್ ಆಗುವ ಕಂಪ್ಯೂಟರ್‌ನಲ್ಲಿ ಬೋರ್ಡೂ ಎಸ್‌ಎಂಪಿಎಸ್ಸೂ ಬಹುತೇಕ ಚೆನ್ನಾಗಿಯೇ ಇರುತ್ತವೆ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು, ಅದು ಎಲ್ಲಿಯವರೆಗೆ ಹೋಗಿ ನಿಲ್ಲುತ್ತಿದೆ ಎಂದು ನೋಡಿ. ಇದಕ್ಕೆ ಕೀಬೋರ್ಡ್ ಸಾಕು. ಆನ್ ಮಾಡಿ ಒಂದು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ಅದರ ಲೈಟ್ ಹತ್ತಿ ಆರುತ್ತಿದ್ದರೆ ಕಂಪ್ಯೂಟರ್ ಎದ್ದಿದೆ, ಚಿತ್ರ ಮಾತ್ರ ನಿಮಗೆ ಕಾಣುತ್ತಿಲ್ಲ. ಲೈಟ್ ಬದಲಾಗದಿದ್ದರೆ ವಿಂಡೋಸ್ ಬರುವ ಮೊದಲೇ, ಬೋರ್ಡು ತನ್ನನ್ನು ತಾನು ಪರೀಕ್ಷೆ ಮಾಡಿಕೊಳ್ಳುವ ಹಂತದಲ್ಲೇ ಸಿಕ್ಕಿಕೊಂಡಿದೆ. ಫ್ಯಾನ್ ಒಮ್ಮೆ ಅಲುಗಾಡಿ ನಿಂತುಬಿಟ್ಟರೆ ಅದು ಕರೆಂಟಿನ ವಿಷಯ. ಈ ಮೂರಕ್ಕೂ ಮದ್ದು ಬೇರೆ ಬೇರೆ.

ಜಾಸ್ತಿ ಜನರಿಗೆ ಆಗುವುದು ಮೊದಲನೆಯದು. ಕಂಪ್ಯೂಟರ್ ಆನ್ ಆಗಿಯೇ ಇರುತ್ತದೆ, ಚಿತ್ರ ಟಿವಿಗೆ ಹೋಗಿರುತ್ತದೆ. ಟಿವಿ ಆಫ್ ಇದೆಯಲ್ಲ, ಅದಕ್ಕೆ ಹೇಗೆ ಹೋಗುತ್ತದೆ ಎಂದು ಕೇಳಬಹುದು. ಎಚ್‌ಡಿಎಂಐ ಕೇಬಲ್‌ನಲ್ಲಿ 19 ಪಿನ್ ಇವೆ. ಅದರಲ್ಲಿ 18ನೇ ಪಿನ್ನಿನಿಂದ ಕಂಪ್ಯೂಟರ್ ಟಿವಿಗೆ 5 ವೋಲ್ಟ್ ಕಳಿಸುತ್ತದೆ. ಟಿವಿಯೊಳಗಿನ ಒಂದು ಚಿಕ್ಕ ಮೆಮೊರಿ ಚಿಪ್ಪಿಗೆ ಅಷ್ಟು ಸಾಕು. ಟಿವಿ ಮಲಗಿದ್ದರೂ ಆ ಚಿಪ್ ಸಾಮಾನ್ಯವಾಗಿ ಎಚ್ಚರ ಇರುತ್ತದೆ. 19ನೇ ಪಿನ್ ಮೂಲಕ "ನಾನಿದ್ದೇನೆ" ಎನ್ನುವ ಸೂಚನೆ ವಾಪಸ್ ಹೋಗುತ್ತದೆ. ಕಂಪ್ಯೂಟರ್ ಅದನ್ನು ನಂಬಿ, ಇದೂ ಒಂದು ಮಾನಿಟರ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬೋರ್ಡು ಶುರುವಿನ ಚಿತ್ರವನ್ನು ಯಾವುದಾದರೂ ಒಂದು ಕಡೆಗೆ ಮಾತ್ರ ಕಳಿಸುವಂಥದ್ದಾದರೆ, ಅದು ಟಿವಿಯನ್ನೇ ಆರಿಸಿಕೊಂಡಿತು ಎಂದರೆ ನಿಮ್ಮ ಎದುರಿನ ಮಾನಿಟರ್ ಕಪ್ಪಾಗಿಯೇ ಉಳಿಯುತ್ತದೆ.

ಹಾಗಾಗಿ ಟಿವಿ ಆನ್ ಮಾಡಿ, ಕೇಬಲ್ ಹಾಕಿರುವ ಇನ್‌ಪುಟ್ಟಿಗೇ ಹೋಗಿ ನೋಡಿ. ಅಲ್ಲಿ ಚಿತ್ರ ಕಂಡರೆ ವಿಂಡೋಸ್ ಕೀ ಜೊತೆ ಪಿ ಒತ್ತಿ ಯಾವ ಪರದೆ ಬೇಕೋ ಆರಿಸಿ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ, ಈ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ, ಕೆಲವೊಮ್ಮೆ ಅಷ್ಟಕ್ಕೇ ಚಿತ್ರ ಬರುತ್ತದೆ. ಪ್ರತಿಸಲವೂ ಹೀಗೇ ಆಗುತ್ತಿದ್ದರೆ ಟಿವಿ ಕೇಬಲ್ ತೆಗೆದು ಆನ್ ಮಾಡಿ, ಡಿಲೀಟ್ ಅಥವಾ ಎಫ್ 2 ಒತ್ತಿ ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಬೋರ್ಡಿನ ಸೆಟ್ಟಿಂಗ್ಸ್) ಒಳಗೆ ಹೋಗಿ. ಅಲ್ಲಿ "ಪ್ರೈಮರಿ ಡಿಸ್‌ಪ್ಲೇ" ಅಥವಾ "ಇನಿಷಿಯಲ್ ಡಿಸ್‌ಪ್ಲೇ" ಎಂದು ಇರುತ್ತದೆ. ಮಾನಿಟರನ್ನು ಗ್ರಾಫಿಕ್ಸ್ ಕಾರ್ಡಿಗೂ (ಚಿತ್ರ ತಯಾರಿಸುವ ಬೇರೆ ಕಾರ್ಡ್) ಟಿವಿಯನ್ನು ಮದರ್‌ಬೋರ್ಡಿನ ಪೋರ್ಟಿಗೂ ಸಿಗಿಸಿದ್ದಾಗ ಇದನ್ನು ಆಟೋದಲ್ಲಿ ಬಿಡದೆ ಕಾರ್ಡಿಗೆ ಹಾಕುವುದು ಒಳ್ಳೆಯದು. ಇನ್ನೊಂದು ಮಾತು. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಅಕ್ಷರ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಅಂಥ ಸಿಸ್ಟಮ್‌ನ ಬೋರ್ಡಿನ ಎಚ್‌ಡಿಎಂಐ ಪೋರ್ಟಿಗೆ ಏನು ಸಿಗಿಸಿದರೂ ಚಿತ್ರ ಬರುವುದಿಲ್ಲ, ಕಾರ್ಡಿಗೇ ಸಿಗಿಸಬೇಕು.

ಅಕ್ಕನ ಮನೆಯಲ್ಲಿ ಕ್ಯಾಪ್ಸ್ ಲಾಕ್ ಲೈಟ್ ಬದಲಾಗುತ್ತಿರಲಿಲ್ಲ. ಕ್ಯಾಬಿನೆಟ್‌ನ ಪಕ್ಕದ ತಗಡು ತೆಗೆದು ನೋಡಿದೆ. ಈಗಿನ ಬಹಳಷ್ಟು ಬೋರ್ಡುಗಳ ಅಂಚಿನಲ್ಲಿ ನಾಲ್ಕು ಚಿಕ್ಕ ಎಲ್‌ಇಡಿ ಇರುತ್ತವೆ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಅಂದರೆ ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್, ವಿಂಡೋಸ್ ಶುರುವಾಗುವುದು. ಎಲ್ಲಿ ಸಿಕ್ಕಿಕೊಂಡಿದೆಯೋ ಆ ಲೈಟ್ ಆರದೆ ಉಳಿಯುತ್ತದೆ. ಇಲ್ಲಿ ಉಳಿದಿದ್ದು ವಿಜಿಎ ಲೈಟ್. ಕೇಬಲ್ ತೆಗೆದು ಆನ್ ಮಾಡಿದರೆ ಅದೇ ಲೈಟ್ ಒಂದು ಕ್ಷಣ ಹತ್ತಿ ಆರಿ ಮುಂದೆ ಹೋಗುತ್ತಿತ್ತು. ಅಂದರೆ ಕಾರ್ಡೂ ಚೆನ್ನಾಗಿದೆ, ಟಿವಿಯನ್ನು ಕಂಡಾಗ ಮಾತ್ರ ತಡವರಿಸುತ್ತಿದೆ.

ಇಲ್ಲಿ ನಡೆಯುವುದು ಏನು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಾದರೆ ಉಳಿದದ್ದೆಲ್ಲ ಸುಲಭ. ಮದುವೆಗೆ ಮುಂಚೆ ಜಾತಕ ಕೇಳುವ ಹಾಗೆ, ಚಿತ್ರ ಕಳಿಸುವ ಮೊದಲು ಕಂಪ್ಯೂಟರ್ ಟಿವಿಯ ವಿವರ ಕೇಳುತ್ತದೆ. ಕಂಪನಿ ಯಾವುದು, ಎಷ್ಟು ರೆಸಲ್ಯೂಷನ್, ಎಷ್ಟು ಹರ್ಟ್ಸ್, ಯಾವ ಬಣ್ಣ, ಯಾವ ಸೌಂಡ್. ಈ ವಿವರಕ್ಕೆ ಇಡಿಐಡಿ ಎನ್ನುತ್ತಾರೆ. ಮೊದಲ ತುಂಡು 128 ಬೈಟ್, ಎಚ್‌ಡಿಎಂಐ ಟಿವಿಗಳಲ್ಲಿ ಅದರ ಹಿಂದೆ ಇನ್ನೂ 128 ಬೈಟ್‌ನ ತುಂಡು ಇರುತ್ತದೆ. 15 ಮತ್ತು 16ನೇ ಪಿನ್ ಇದನ್ನು ಓದುವುದಕ್ಕೇ ಇರುವುದು. ವಿಂಡೋಸ್ ಇನ್ನೂ ಬಂದಿರುವುದಿಲ್ಲ, ಹಾಗಾಗಿ ಓದುವ ಕೆಲಸ ಬೋರ್ಡಿನ ಮತ್ತು ಕಾರ್ಡಿನ ಚಿಪ್ಪಿನಲ್ಲೇ ಬರೆದಿಟ್ಟ ಪ್ರೋಗ್ರಾಮ್, ಅಂದರೆ ಫರ್ಮ್‌ವೇರ್‌ನದ್ದು. ಹಳೇ ಫರ್ಮ್‌ವೇರ್‌ಗೆ ಹೊಸ 4ಕೆ ಟಿವಿ ಕೊಡುವ ವಿವರ ಅರ್ಥವಾಗದಿದ್ದರೆ, ಬಿಟ್ಟು ಮುಂದೆ ಹೋಗಬೇಕಾದದ್ದು ಅಲ್ಲೇ ನಿಂತುಬಿಡಬಹುದು.

ಇದು ಅಪರೂಪದ ಕಥೆಯಲ್ಲ. ಎಚ್‌ಡಿಎಂಐ ಥರದ್ದೇ ಇನ್ನೊಂದು ಬಗೆಯ ಕೇಬಲ್ ಡಿಸ್‌ಪ್ಲೇಪೋರ್ಟ್. ಡಿಸ್‌ಪ್ಲೇಪೋರ್ಟ್ 1.3 ಮತ್ತು 1.4 ಮಾನಿಟರ್ ಸಿಗಿಸಿದಾಗ ವಿಂಡೋಸ್ ಬರುವವರೆಗೆ ಪರದೆ ಕಪ್ಪಗಿರುತ್ತದೆ ಅಥವಾ ಶುರುವಿನಲ್ಲೇ ನಿಂತುಹೋಗುತ್ತದೆ ಎಂದು, ಗ್ರಾಫಿಕ್ಸ್ ಕಾರ್ಡ್ ತಯಾರಿಸುವ ಎನ್‌ವಿಡಿಯಾ 2018ರಲ್ಲಿ ತನ್ನ ಕೆಲವು ಕಾರ್ಡುಗಳಿಗಾಗಿಯೇ ಫರ್ಮ್‌ವೇರ್ ಅಪ್‌ಡೇಟ್ ಬಿಟ್ಟಿತ್ತು. ತಯಾರಕರೇ ಫರ್ಮ್‌ವೇರ್‌ನಲ್ಲಿ ಸರಿಮಾಡುವ ತೊಂದರೆಗೆ ನಮ್ಮ ಊರಿನಲ್ಲಿ ಬೋರ್ಡೇ ಬದಲಾಯಿಸುತ್ತಾರೆ ಎನ್ನುವುದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಒಂದು ಬೋರ್ಡಿನ ಬೆಲೆ ಆ ಮನೆಗೆ ಸಣ್ಣ ಮೊತ್ತವಲ್ಲ.

ಪರೀಕ್ಷೆ ಮಾಡಲು ಒಂದು ಸುಲಭ ದಾರಿ ಇದೆ. ಎಚ್‌ಡಿಎಂಐ ಸಿಗಿಸಿಯೇ ಇರಲಿ, ಟಿವಿಯ ಪ್ಲಗ್ಗನ್ನು ಗೋಡೆಯಿಂದ ಪೂರ್ತಿ ಕಿತ್ತುಬಿಡಿ. ಕಂಪ್ಯೂಟರ್ ಆನ್ ಮಾಡಿ. ಆಗಲೂ ನಿಂತರೆ ತೊಂದರೆ ಬಹುಮಟ್ಟಿಗೆ ಆ ವಿವರ ಓದುವುದರಲ್ಲಿದೆ, ಯಾಕೆಂದರೆ ಆ ಚಿಪ್ಪಿಗೆ ಕರೆಂಟ್ ಕೊಡುತ್ತಿರುವುದು ಕಂಪ್ಯೂಟರೇ. ಪ್ಲಗ್ ಕಿತ್ತಾಗ ಸರಿಯಾಗಿ, ಹಾಕಿದಾಗ ಮಾತ್ರ ಕೆಡುತ್ತಿದ್ದರೆ ಟಿವಿ ಕಡೆಯಿಂದ ಬರುತ್ತಿರುವ ಕರೆಂಟನ್ನೋ ಅರ್ತಿಂಗನ್ನೋ ಅನುಮಾನಿಸಬೇಕು. ಅಕ್ಕನ ಮನೆಯಲ್ಲಿ ಪ್ಲಗ್ ಕಿತ್ತರೂ ನಿಲ್ಲುತ್ತಿತ್ತು.

ಆಮೇಲೆ ಟಿವಿಯ ಸೆಟ್ಟಿಂಗ್ಸ್‌ಗೆ ಹೋದೆ. 4ಕೆ ಟಿವಿಗಳಲ್ಲಿ ಪ್ರತಿ ಎಚ್‌ಡಿಎಂಐ ಪೋರ್ಟಿಗೂ ಒಂದು ಆಯ್ಕೆ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ "ಇನ್‌ಪುಟ್ ಸಿಗ್ನಲ್ ಪ್ಲಸ್", ಎಲ್‌ಜಿಯಲ್ಲಿ "ಡೀಪ್ ಕಲರ್", ಸೋನಿಯಲ್ಲಿ "ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್". ಇದನ್ನು ಆಫ್ ಮಾಡಿದರೆ ಅಥವಾ ಸ್ಟ್ಯಾಂಡರ್ಡ್‌ಗೆ ಹಾಕಿದರೆ ಟಿವಿ ಕೊಡುವ ವಿವರವೇ ಬದಲಾಗುತ್ತದೆ, ಹಳೇ ಕಾಲದ ಸರಳ ವಿವರ ಕೊಡುತ್ತದೆ. ಬದಲಾಯಿಸಿ ಕಂಪ್ಯೂಟರ್ ಆನ್ ಮಾಡಿದೆ. ವಿಜಿಎ ಲೈಟ್ ಆರಿತು, ವಿಂಡೋಸ್ ಬಂತು. ಇದರಿಂದ 4ಕೆಯಲ್ಲಿ ಪೂರ್ತಿ ಬಣ್ಣದ 60 ಹರ್ಟ್ಸ್ ಸಿಗುವುದಿಲ್ಲ, 30ಕ್ಕೆ ಇಳಿಯಬಹುದು. ಯಕ್ಷಗಾನದ ವಿಡಿಯೊ ನೋಡುವ ಭಾವನಿಗೆ 1080 ರೆಸಲ್ಯೂಷನ್‌ನಲ್ಲೇ 60 ಹರ್ಟ್ಸ್ ಇದ್ದರೆ ಸಾಕು. ಗೇಮ್ ಆಡುವವರಿಗೆ ಸಾಲದು. ಅಂಥವರು ಬೋರ್ಡ್ ತಯಾರಕರ ಸೈಟಿನಿಂದ ಹೊಸ ಬಯಾಸ್ ಹಾಕಿ, ಟಿವಿಗೂ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ, ಆಮೇಲೆ ಆ ಆಯ್ಕೆಯನ್ನು ಮತ್ತೆ ಆನ್ ಮಾಡಿ ನೋಡಬೇಕು. ಬಯಾಸ್ ಹಾಕುವಾಗ ಕರೆಂಟ್ ಹೋದರೆ ಬೋರ್ಡ್ ನಿಜವಾಗಿಯೂ ಹೋಗಬಹುದು. ಮಲೆನಾಡಿನ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಅದಕ್ಕೆ ಕೈ ಹಾಕಲೇಬೇಡಿ.

ಬಯಾಸ್‌ನಲ್ಲಿ ಫಾಸ್ಟ್ ಬೂಟ್ (ಕೆಲವು ಪರೀಕ್ಷೆ ಬಿಟ್ಟು ಬೇಗ ಆನ್ ಆಗುವ ಆಯ್ಕೆ) ಆಫ್ ಮಾಡಿ ನೋಡುವುದೂ ಒಳ್ಳೆಯದು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಬೇರೆ, ಅದು ಶಟ್‌ಡೌನ್ ಕೊಟ್ಟಾಗ ಪೂರ್ತಿ ಮುಚ್ಚುವುದಿಲ್ಲ. ರೀಸ್ಟಾರ್ಟ್ ಕೊಟ್ಟಾಗ ಚಿತ್ರ ಬಂದು, ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡಿದಾಗ ಬರದಿದ್ದರೆ ಇದನ್ನೇ ಮೊದಲು ಆಫ್ ಮಾಡಿ.

ಇನ್ನು ಫ್ಯಾನ್ ಅಲುಗಾಡಿ ನಿಲ್ಲುವ ಕೇಸು. ಕಂಪ್ಯೂಟರ್ ಆಫ್ ಇದ್ದಾಗಲೂ ಟಿವಿ ಕಡೆಯಿಂದ ಕೇಬಲ್ ಮೂಲಕ ಸ್ವಲ್ಪ ವೋಲ್ಟೇಜ್ ಹಿಂದಕ್ಕೆ ಬಂದರೆ ಬೋರ್ಡು ಪೂರ್ತಿ ಆಫ್ ಆಗುವುದೇ ಇಲ್ಲ, ಹಾಗಾಗಿ ಸರಿಯಾಗಿ ಆನ್ ಕೂಡ ಆಗುವುದಿಲ್ಲ. ಎಲ್ಲ ಕೇಬಲ್ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಉಳಿದ ಚಾರ್ಜ್ ಇಳಿಸಿ, ಟಿವಿ ಸಿಗಿಸದೆ ಆನ್ ಮಾಡಿ. ಆಯಿತು ಎಂದರೆ ಬೇರೆ ಕೇಬಲ್ ಹಾಕಿ ನೋಡಿ. ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್ ಮಾನಿಟರ್ ಇದ್ದರೆ ಅದರ ಕೇಬಲ್ಲನ್ನೂ ಅನುಮಾನಿಸಿ. ಅದರ 20ನೇ ಪಿನ್ನಿನಲ್ಲಿ 3.3 ವೋಲ್ಟ್ ಇರುತ್ತದೆ. ಒಳ್ಳೆಯ ಕೇಬಲ್‌ನಲ್ಲಿ ಆ ಪಿನ್ನನ್ನು ಈ ತುದಿಯಿಂದ ಆ ತುದಿಗೆ ಸೇರಿಸಿರುವುದಿಲ್ಲ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಸೇರಿಸಿರುತ್ತಾರೆ, ಆಗ ಮಾನಿಟರ್ ಕರೆಂಟ್ ನೇರ ಕಾರ್ಡಿಗೆ ಬರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ, ಅರ್ತಿಂಗ್. ಆ ದಿನ ಕೇಬಲ್ ಕೀಳಲು ಹೋದಾಗ ಬೆರಳಿಗೆ ಜುಮ್ ಎಂದಿತು. "ಅದು ಯಾವಾಗಲೂ ಹಾಗೇ" ಎಂದಳು ಅಕ್ಕ. ಯಾವಾಗಲೂ ಹಾಗೇ ಇರಬಾರದು. ಕಂಪ್ಯೂಟರ್‌ನ ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಿ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಗಿಸಿದ್ದರು. ಅರ್ತ್ ಪಿನ್ ಅಲ್ಲಿಗೇ ಮುಗಿಯಿತು. ಎಸ್‌ಎಂಪಿಎಸ್ ಒಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕ್ಯಾಬಿನೆಟ್ಟಿಗೆ ಚಿಕ್ಕ ಕೆಪಾಸಿಟರ್‌ಗಳಿರುತ್ತವೆ, ಕರೆಂಟಿನ ಗಲೀಜನ್ನು ಅರ್ತಿಗೆ ಇಳಿಸಲು. ಅರ್ತ್ ಇಲ್ಲದಿದ್ದರೆ ಆ ತಗಡು 230 ವೋಲ್ಟಿನ ಸುಮಾರು ಅರ್ಧದಲ್ಲಿ ತೇಲುತ್ತಿರುತ್ತದೆ. ಹರಿಯುವ ಕರೆಂಟ್ ತೀರಾ ಸ್ವಲ್ಪ, ಆದರೆ ಟೆಸ್ಟರ್ ಮುಟ್ಟಿಸಿದರೆ ಒಳಗಿನ ಲೈಟ್ ಹತ್ತುತ್ತದೆ, ಮಲ್ಟಿಮೀಟರ್ ಇಟ್ಟರೆ ನೂರರ ಆಸುಪಾಸು ತೋರಿಸುತ್ತದೆ. ಆ ಕಡೆ ಟಿವಿಗೆ ಕಂಬದಿಂದ ಬಂದ ಕೇಬಲ್‌ನವರ ವೈರ್, ಅಥವಾ ಮಾಳಿಗೆಯ ಡಿಶ್ ವೈರ್, ಅದು ಬೇರೆ ಕಡೆ ನೆಲಕ್ಕೆ ಸೇರಿರಬಹುದು. ಇವೆರಡರ ನಡುವೆ ಇರುವುದು ನಿಮ್ಮ ಎಚ್‌ಡಿಎಂಐ ಕೇಬಲ್‌ನ ಲೋಹದ ಹೊದಿಕೆ. ಆನ್ ಇರುವಾಗ ಸಿಗಿಸಿದರೆ ಕಿಡಿ ಹಾರುವುದು ಇದಕ್ಕೇ, ಪೋರ್ಟ್ ಸುಟ್ಟುಹೋಗುವುದೂ ಇದಕ್ಕೇ.

ಆದ್ದರಿಂದ ದಯವಿಟ್ಟು ಹೀಗೆ ಮಾಡಿ. ಎರಡರ ಪ್ಲಗ್ಗನ್ನೂ ಗೋಡೆಯಿಂದ ತೆಗೆಯಿರಿ. ಟಿವಿಯ ಹಿಂದಿನ ಕೇಬಲ್ ಅಥವಾ ಡಿಶ್ ವೈರನ್ನೂ ಬಿಚ್ಚಿ. ಆಮೇಲೆ ಎಚ್‌ಡಿಎಂಐ ಸಿಗಿಸಿ, ಕಂಪ್ಯೂಟರ್ ಮತ್ತು ಟಿವಿ ಎರಡನ್ನೂ ಒಂದೇ ಮೂರು ಪಿನ್ನಿನ ಸ್ವಿಚ್‌ಬೋರ್ಡಿನಿಂದ ಆನ್ ಮಾಡಿ, ಡಿಶ್ ವೈರ್ ಕೊನೆಗೆ. ಎರಡು ಪಿನ್ನಿನ ಕನ್ವರ್ಟರ್ ಇದ್ದರೆ ಎಸೆದುಬಿಡಿ. ಮೂರು ಪಿನ್ ಇದ್ದ ಮಾತ್ರಕ್ಕೆ ಅರ್ತ್ ಇದೆ ಎಂದೇನೂ ಇಲ್ಲ, ಹಳೇ ಮನೆಗಳಲ್ಲಿ ಆ ತೂತಿಗೆ ಒಳಗೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, ಗೋಡೆಯ ಬೋರ್ಡನ್ನು ನೀವೇ ಬಿಚ್ಚಬೇಡಿ. ಅಕ್ಕನ ಮನೆಯ ಅರ್ತ್ ಗುಂಡಿ ಬೇಸಿಗೆಯಲ್ಲಿ ಪೂರ್ತಿ ಒಣಗಿತ್ತು, ಕೊಳವೆಗೆ ಬಂದ ವೈರಿನ ನಟ್ಟು ತುಕ್ಕು ಹಿಡಿದಿತ್ತು. ಎಲೆಕ್ಟ್ರಿಷಿಯನ್ ಬಂದು ನಟ್ಟು ಬದಲಾಯಿಸಿ, ಇದ್ದಿಲು, ಉಪ್ಪು ಹಾಕಿ ನೀರು ಸುರಿದ ಮೇಲೆ ಕ್ಯಾಬಿನೆಟ್ ಮುಟ್ಟಿದರೆ ಏನೂ ಅನ್ನಿಸಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಶುರುವಾಗುವ ಮೊದಲೇ ಡಿಶ್ ವೈರ್ ಬಿಚ್ಚಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಎಸ್‌ಎಂಪಿಎಸ್ ಡಬ್ಬ ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ, ಅದರೊಳಗೆ 300 ವೋಲ್ಟಿಗಿಂತ ಜಾಸ್ತಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಹೊಂದಾಣಿಕೆ ಆಗದ ಜೋಡಿಗಳಿವೆ. ಬೋರ್ಡ್ ಹಳೆಯದು, ಹೊಸ ಬಯಾಸ್ ಬರುವುದಿಲ್ಲ, ಟಿವಿಯಲ್ಲಿ ಆ ಆಯ್ಕೆಯೇ ಇಲ್ಲ. ಆಗ ಇಡಿಐಡಿ ಎಮ್ಯುಲೇಟರ್ ಎನ್ನುವ ಬೆರಳುದ್ದದ ಒಂದು ತುಂಡು ಸಿಗುತ್ತದೆ. ಅದನ್ನು ಕೇಬಲ್ ಮತ್ತು ಕಂಪ್ಯೂಟರ್ ನಡುವೆ ಹಾಕಿದರೆ ಟಿವಿಯ ಬದಲು ಅದೇ ಒಂದು ಸರಳ ವಿವರ ಕೊಡುತ್ತದೆ. ಅದೂ ಬೇಡ ಎಂದರೆ ವಿಂಡೋಸ್ ಬಂದ ಮೇಲೆ ಕೇಬಲ್ ಸಿಗಿಸಬಹುದು, ಆದರೆ ಅರ್ತಿಂಗ್ ಸರಿ ಇರುವ ಮನೆಯಲ್ಲಿ ಮಾತ್ರ. ಟಿವಿಗೆ ಚಿತ್ರ ಬಂದು ಸೌಂಡ್ ಬರದಿದ್ದರೆ ಕೆಳಗಿನ ಸ್ಪೀಕರ್ ಗುರುತು ಒತ್ತಿ ಟಿವಿಯ ಹೆಸರು ಆರಿಸಿಕೊಳ್ಳಿ, ಭಾವ ಮರುದಿನ ಫೋನ್ ಮಾಡಿ ಕೇಳಿದ್ದು ಅದೊಂದನ್ನೇ.