ಕೆಂಪಾಗುತ್ತಿದ್ದದ್ದು ಟ್ಯೂಬ್, ಕೆಟ್ಟಿದ್ದು ಕೆಪಾಸಿಟರ್

ನವೆಂಬರ್ 16, 2024, ಶನಿವಾರ

ಗೆಳೆಯನ ಡಿಲಕ್ಸ್ ರಿವರ್ಬ್ ಗಿಟಾರ್ ಆಂಪ್ (ಆಂಪ್ಲಿಫೈಯರ್) ಇವತ್ತು ಬಿಚ್ಚಿದೆ. 1965ರ ಫೆಂಡರ್ ಕಂಪನಿಯದು, ಎಬಿ763 ಎಂಬ ಸರ್ಕ್ಯೂಟ್. ದೂರು ಇಷ್ಟೇ: ಸ್ಪೀಕರ್‌ಗೆ ಶಕ್ತಿ ಕೊಡುವ ಎರಡು 6ವಿ6 ಪವರ್ ಟ್ಯೂಬ್‌ಗಳಲ್ಲಿ ಒಂದರ ಪ್ಲೇಟ್ (ಎಲೆಕ್ಟ್ರಾನ್‌ಗಳು ಬಂದು ಸೇರುವ ಒಳಗಿನ ಲೋಹದ ಹಾಳೆ) ಸ್ವಲ್ಪ ಹೊತ್ತಿಗೇ ಕೆಂಡದಂತೆ ಕೆಂಪಾಗುತ್ತದೆ. ಅವನು ಹೊಸ ಜೋಡಿ ತಂದು ಹಾಕಿದ್ದ. ಆದರೂ ಅದೇ ಕಥೆ.

ಎರಡು ಟ್ಯೂಬ್‌ಗಳ ಜಾಗ ಅದಲುಬದಲು ಮಾಡಿದೆ. ಕೆಂಪು ಟ್ಯೂಬಿನ ಜೊತೆ ಹೋಗಲಿಲ್ಲ, ಅದೇ ಸಾಕೆಟ್‌ನಲ್ಲಿ ಉಳಿಯಿತು. ಅಂದರೆ ತಪ್ಪು ಟ್ಯೂಬಿನದಲ್ಲ. ದುಡ್ಡು ಕೊಟ್ಟು ಹೊಸ ಟ್ಯೂಬ್ ತರುವ ಮೊದಲು ಎಲ್ಲರೂ ಮಾಡಬೇಕಾದ ಪರೀಕ್ಷೆ ಇದು.

ಪವರ್ ಟ್ಯೂಬ್‌ಗಳನ್ನು ತೆಗೆದು, ಆಂಪ್ ಆನ್ ಮಾಡಿ, ಎರಡೂ ಸಾಕೆಟ್‌ಗಳ 5ನೇ ಪಿನ್‌ನಲ್ಲಿ, ಅಂದರೆ ಟ್ಯೂಬಿನ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲ್ ಗ್ರಿಡ್‌ನಲ್ಲಿ, ಅಳೆದೆ. ಒಂದರಲ್ಲಿ ಮೈನಸ್ 37 ವೋಲ್ಟ್, ಇನ್ನೊಂದರಲ್ಲಿ ಮೈನಸ್ 29. ಗ್ರಿಡ್‌ಗೆ ಈ ನೆಗೆಟಿವ್ ವೋಲ್ಟೇಜ್, ಅಂದರೆ ಬಯಾಸ್, ಕೊಡುವ ಸಪ್ಲೈ ಎರಡಕ್ಕೂ ಒಂದೇ, ಹಾಗಾಗಿ ಈ ವ್ಯತ್ಯಾಸ ಬೇರೆ ಕಡೆಯಿಂದಲೇ ಬರಬೇಕು. ಎರಡು ಟ್ಯೂಬ್‌ಗಳಿಗೆ ಸಿಗ್ನಲನ್ನು ಒಂದಕ್ಕೊಂದು ತಲೆಕೆಳಗಾಗಿ ಹಂಚುವ ಫೇಸ್ ಇನ್ವರ್ಟರ್‌ನಿಂದ ಗ್ರಿಡ್‌ಗೆ ಸಿಗ್ನಲ್ ಒಯ್ಯುವ 0.1 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ತಾನು ತಡೆಯಬೇಕಾದ ಡಿಸಿಯನ್ನೂ ಸೋರಿಸುತ್ತಿತ್ತು. ಆ ಕಡೆಯ ಇನ್ನೂರಕ್ಕೂ ಮೀರಿದ ಪಾಸಿಟಿವ್ ವೋಲ್ಟೇಜ್ ಸ್ವಲ್ಪಸ್ವಲ್ಪವೇ ನುಸುಳಿ ಗ್ರಿಡ್‌ನ ನೆಗೆಟಿವ್ ವೋಲ್ಟೇಜನ್ನು ತಿಂದುಹಾಕಿತ್ತು. ಗ್ರಿಡ್ ಸಡಿಲವಾದರೆ ಕರೆಂಟ್ ಏರುತ್ತದೆ, ಪ್ಲೇಟ್ ಸುಡುತ್ತದೆ. ಎರಡೂ ಟ್ಯೂಬ್‌ಗಳ ಕಪ್ಲಿಂಗ್ ಕೆಪಾಸಿಟರ್ ಬದಲಿಸಿದೆ. ಬಯಾಸ್ ಸಪ್ಲೈಯ ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರನ್ನೂ ಬದಲಿಸದೆ ಬಿಡಲಿಲ್ಲ. ಅದು ಒಣಗಿದರೆ ಬಯಾಸೇ ಕುಸಿದು ಎರಡೂ ಟ್ಯೂಬ್ ಒಟ್ಟಿಗೆ ಹೋಗುತ್ತವೆ.

(ಇದನ್ನು ಓದಿ ಯಾರಾದರೂ ತಮ್ಮ ಆಂಪ್ ಬಿಚ್ಚುವುದಾದರೆ: ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ನಾನೂರು ವೋಲ್ಟ್ ಉಳಿದಿರಬಹುದು. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್‌ನಲ್ಲಿ ನೋಡಿ ಖಾತ್ರಿಯಾದ ಮೇಲೇ ಕೈ ಹಾಕಿ. ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪ್ ಓಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು.)

ಇನ್ನು ಟ್ಯೂಬ್ ಆಯ್ಕೆ. 6ವಿ6ಜಿಟಿಯ ಹಳೆಯ ಡೇಟಾಶೀಟ್‌ನಲ್ಲಿ ಪ್ಲೇಟ್ ವೋಲ್ಟೇಜಿನ ಮಿತಿ 315. ಫೆಂಡರ್ ತನ್ನ ನಕ್ಷೆಯಲ್ಲೇ 415 ಎಂದು ಬರೆದಿದೆ! ಆ ಕಾಲದ ಆರ್‌ಸಿಎ, ಸಿಲ್ವೇನಿಯಾ ಟ್ಯೂಬ್‌ಗಳು ಅದನ್ನು ತಾಳಿಕೊಂಡವು. ಜೊತೆಗೆ ಈ ಆಂಪ್ 117 ವೋಲ್ಟ್‌ಗೆಂದು ಕಟ್ಟಿದ್ದು. ಗೋಡೆಯಿಂದ 122 ಬಂದರೆ ಪ್ಲೇಟ್‌ನಲ್ಲಿ 430ರ ಆಸುಪಾಸು. ಹಾಗಾಗಿ ಹೊಸ 6ವಿ6 ಕೊಳ್ಳುವಾಗ ನಾನು ಮೊದಲು ನೋಡುವುದು ಡಬ್ಬದ ಮೇಲಿನ ಹೆಸರಲ್ಲ, ಅದು ಎಷ್ಟು ವೋಲ್ಟ್ ತಡೆಯುತ್ತದೆ ಅನ್ನುವುದು. ಸ್ಲೊವಾಕಿಯಾದ ಜೆಜೆ 6ವಿ6ಎಸ್ ಆರಿಸಿದ್ದು ಇದಕ್ಕೇ: ತಯಾರಕರ ಪ್ರಕಾರ 500 ವೋಲ್ಟ್, 14 ವ್ಯಾಟ್. ಹಳೆಯ ಹೆಸರುಗಳ ಮೇಲೆ ನನಗೂ ಪ್ರೀತಿ ಇದೆ, ಆದರೆ ಅಳೆದು ನೋಡದ ಹಳೆಯ ಟ್ಯೂಬಿಗೆ ದುಬಾರಿ ಬೆಲೆ ಕೊಡುವುದನ್ನು ಒಪ್ಪಲಾರೆ.

6ಎಲ್6 ಹಾಕಿದರೆ ದನಿ ದೊಡ್ಡದಾಗುತ್ತದಾ ಎಂದು ಗೆಳೆಯ ಕೇಳಿದ್ದ. ಬೇಡ. 6ವಿ6ನ ಹೀಟರ್ 0.45 ಆಂಪಿಯರ್ ಎಳೆದರೆ 6ಎಲ್6ನದು 0.9. ಎರಡು ಟ್ಯೂಬಿನ ಆ ಹೆಚ್ಚುವರಿ ಭಾರ ಹೊರಬೇಕಾದದ್ದು ಸುಮಾರು ಅರವತ್ತು ವರ್ಷದ ಪವರ್ ಟ್ರಾನ್ಸ್‌ಫಾರ್ಮರ್. ಟ್ಯೂಬ್ ಮತ್ತೆ ಸಿಗುತ್ತದೆ, ಆ ಟ್ರಾನ್ಸ್‌ಫಾರ್ಮರ್ ಸಿಗುವುದಿಲ್ಲ.

ಬಯಾಸ್ ಅಳೆಯಲು ಎರಡೂ ಟ್ಯೂಬ್‌ಗಳ ಕ್ಯಾಥೋಡ್‌ಗಳಿಗೂ (ಎಲೆಕ್ಟ್ರಾನ್‌ಗಳು ಹೊರಡುವ ತುದಿ) ಗ್ರೌಂಡ್‌ಗೂ ನಡುವೆ ತಲಾ ಒಂದು ಓಮ್ ರೆಸಿಸ್ಟರ್ ಬೆಸುಗೆ ಹಾಕಿದೆ. ಮೀಟರ್‌ನಲ್ಲಿ ಎಷ್ಟು ಮಿಲಿವೋಲ್ಟೋ ಅಷ್ಟೇ ಮಿಲಿಆಂಪ್. ಹೊಸ ಟ್ಯೂಬ್ ಹಾಕುವ ಮೊದಲೇ ಬಯಾಸ್ ಹೊಂದಿಸುವ ಪಾಟ್ (ತಿರುಗಿಸುವ ರೆಸಿಸ್ಟರ್) ತಿರುಗಿಸಿ ಗ್ರಿಡ್ ವೋಲ್ಟೇಜನ್ನು ಅತಿ ಹೆಚ್ಚು ನೆಗೆಟಿವ್‌ಗೆ ಒಯ್ದಿಟ್ಟೆ. ಅಲ್ಲಿಂದ ಮೇಲೇರುವುದು ಕ್ಷೇಮ.

ನುಡಿಸದೆ ಇರುವಾಗ ಟ್ಯೂಬ್ ತನ್ನ ವ್ಯಾಟ್ ಮಿತಿಯ 70 ಶೇಕಡಾದಲ್ಲಿರಲಿ ಎಂದು ಎಲ್ಲರೂ ಹೇಳುವ ಲೆಕ್ಕ ಹಾಕಿದರೆ, 14 ವ್ಯಾಟಿಗೆ 9.8 ವ್ಯಾಟ್, ಅದನ್ನು 430ರಿಂದ ಭಾಗಿಸಿದರೆ ಸುಮಾರು 23 ಮಿಲಿಆಂಪ್. ನನ್ನ ಮಟ್ಟಿಗೆ ಅದು ದಾಟಬಾರದ ಬೇಲಿ, ಮುಟ್ಟಲೇಬೇಕಾದ ಗುರಿಯಲ್ಲ. ಗಿಟಾರ್ ಹಿಡಿದು ಕೂತೆ. 14 ಮಿಲಿಆಂಪ್‌ನಲ್ಲಿ ಸ್ವರ ಆರುವಾಗ ಬಾಲದಲ್ಲಿ ಒಣ ಗರಗರ. ಒಂದು ಟ್ಯೂಬ್ ಕೆಲಸ ಬಿಟ್ಟು ಇನ್ನೊಂದು ಹಿಡಿಯುವ ಸಂದಿನಲ್ಲಿ ಹುಟ್ಟುವ ಕ್ರಾಸ್‌ಓವರ್ ಡಿಸ್ಟಾರ್ಷನ್ ಅದು. 18ಕ್ಕೆ ಅದು ಮಾಯ. 21ರಲ್ಲಿ ಕೆಳತಂತಿಗಳು ತುಂಬಿಕೊಂಡು ಬಂದವು, ಬೆರಳಿನ ಒತ್ತಡಕ್ಕೆ ತಕ್ಕಂತೆ ದನಿ ಬಾಗತೊಡಗಿತು. ಇನ್ನೂ ಏರಿಸಿದರೆ ಬಿಸಿ ಏರಿತೇ ಹೊರತು ಕಿವಿಗೆ ಲಾಭವಿಲ್ಲ. 21ಕ್ಕೇ ನಿಲ್ಲಿಸಿದೆ. ಕ್ಯಾಥೋಡ್ ಲೆಕ್ಕದಲ್ಲಿ ಸ್ಕ್ರೀನ್ ಎಂಬ ಇನ್ನೊಂದು ಗ್ರಿಡ್‌ನ ಕರೆಂಟೂ ಸೇರಿರುವುದರಿಂದ ಪ್ಲೇಟ್‌ನಲ್ಲಿ ಸುಡುವುದು 9 ವ್ಯಾಟಿಗೂ ಕಡಿಮೆ.

ಅರ್ಧ ಗಂಟೆ ಬಿಟ್ಟು ಮತ್ತೆ ಅಳೆದಾಗ ಒಂದು 22, ಇನ್ನೊಂದು 21. ಇಷ್ಟು ಹತ್ತಿರವಿದ್ದರೆ ಸಾಕು. ಜೋಡಿ ತೀರಾ ಬೇರೆಯಾದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಹಮ್ (ಗುಂಯ್ ಸದ್ದು) ಪರಸ್ಪರ ಕಳೆದುಹೋಗುವುದಿಲ್ಲ.

ಮೊದಲ ಹಂತದ ಸಣ್ಣ ಪ್ರಿಆಂಪ್ ಟ್ಯೂಬ್‌ಗಳನ್ನು ಮುಟ್ಟಲಿಲ್ಲ. ಅವಕ್ಕೆ ಕ್ಯಾಥೋಡ್ ರೆಸಿಸ್ಟರೇ ಬಯಾಸ್ ಕೊಡುತ್ತದೆ, ಹೊಂದಿಸುವ ಪಾಟ್ ಇಲ್ಲ. ಪ್ರತಿಧ್ವನಿಯ ಸ್ಪ್ರಿಂಗ್ ನಡೆಸುವ ರಿವರ್ಬ್ ಡ್ರೈವರ್ ಜಾಗದಲ್ಲಿ ಯಾರೋ ಬೇರೆ ಬಗೆಯ 12ಎಎಕ್ಸ್7 ತುರುಕಿರದೆ ಸರಿಯಾದ 12ಎಟಿ7 ಹಾಗೇ ಇತ್ತು, ಸಂತೋಷ.

ಗೆಳೆಯ ತೆಗೆದಿಟ್ಟ ಮೊದಲ ಜೋಡಿ ಡಬ್ಬದಲ್ಲಿದೆ. ಒಂದು ಚೆನ್ನಾಗಿಯೇ ಇದೆ. ಕೆಂಪಾಗುತ್ತಿದ್ದ ಸಾಕೆಟ್‌ನಲ್ಲಿದ್ದದ್ದರ ಗೆಟರ್ (ಉಳಿದ ಗಾಳಿ ಹೀರಲು ಗಾಜಿನ ಒಳಗಿರುವ ಲೇಪ) ಇನ್ನೂ ಬೆಳ್ಳಿ ಬಣ್ಣದಲ್ಲೇ ಇದೆ, ಗಾಳಿ ಹೊಕ್ಕಿಲ್ಲ, ಆದರೂ ಆ ಬಿಸಿ ತಿಂದದ್ದನ್ನು ನಂಬಲಾರೆ. ನಾಳೆ ಇದೇ ಆಂಪ್‌ನಲ್ಲಿ ಅದರ ಕರೆಂಟ್ ನಿಲ್ಲುತ್ತದೋ ಏರುತ್ತಲೇ ಹೋಗುತ್ತದೋ ನೋಡಬೇಕು.