ತೋಟದ ಹೇನಿನ ಪಟ್ಟಿ: ಕೆಸುವಿನ ದಂಟಿನಲ್ಲಿ ಸಿಕ್ಕಿದ್ದು

ನಮ್ಮ ಶಿರಸಿ ಕಡೆಯ ತೋಟದಲ್ಲಿ ಎಷ್ಟು ಬಗೆಯ ಸಸ್ಯಹೇನು (ಗಿಡದ ರಸ ಹೀರುವ ಪುಟ್ಟ ಕೀಟ) ಇವೆ ಅಂತ ಪಟ್ಟಿ ಮಾಡಲು ಶುರು ಮಾಡಿ ನಾಲ್ಕು ತಿಂಗಳಾಯಿತು. ಎಕ್ಕದ ಹಳದಿ ಹೇನು, ಅಲಸಂದೆಯ ಕಪ್ಪು ಹೇನು ಬೇಗ ಗುರುತು ಸಿಕ್ಕವು. ಈ ಸಲದ್ದು ಹಾಗಲ್ಲ.

ಫೆಬ್ರವರಿ 9
ಕಾಲುವೆ ಬದಿಯ ಕೆಸುವಿನ ಮೇಲೆ ಇರುವೆ ಸಾಲು ಹತ್ತುತ್ತಿತ್ತು. ಹೇನು ಹುಡುಕುವವರಿಗೆ ಇರುವೆಗಿಂತ ಒಳ್ಳೆ ದಾರಿ ತೋರಿಸುವವರಿಲ್ಲ. ದಂಟಿನ ಬುಡವನ್ನು ಮೆಲ್ಲಗೆ ಬಿಡಿಸಿದೆ. ಒಳಗೆ ಕಂದು ಬಣ್ಣದ ಹೇನುಗಳು ಒತ್ತೊತ್ತಾಗಿ ಕೂತಿದ್ದವು. ಒಂದೊಂದೂ ಎಳ್ಳಿಗಿಂತ ಚಿಕ್ಕದು. ಲೆನ್ಸ್ ಹಿಡಿದು ನೋಡುತ್ತಿದ್ದಾಗಲೇ ಒಂದು ತಾಯಿ ಮರಿ ಹಾಕಿತು. ಮೊದಲು ಹಿಂಭಾಗ, ಆಮೇಲೆ ಮಡಚಿದ ಕಾಲು. ಗಂಡಿನ ಹಂಗಿಲ್ಲದೆ ಹುಟ್ಟುವ ಮರಿ ಅದು. ಎಷ್ಟು ನೋಡಿದರೂ ಸಾಕೆನಿಸಲಿಲ್ಲ.

ಫೆಬ್ರವರಿ 12
ರೆಕ್ಕೆ ಇರುವ ಎರಡು ಸಿಕ್ಕವು. ರೆಕ್ಕೆಯ ನರಗಳ ಅಂಚಿಗೆ ಮಸಿ ಹಚ್ಚಿದ ಹಾಗೆ ಕಪ್ಪು. ಮುಂದಿನ ರೆಕ್ಕೆಯಲ್ಲಿ ಎರಡು ನರ ಒಂದಕ್ಕೊಂದು ಕೂಡಿ, ಮುಚ್ಚಿದ ಒಂದು ಕೋಣೆ ಆಗಿದೆ. ಪೆಂಟಲೋನಿಯಾ ಕುಲ ಅನ್ನಲು ಇಷ್ಟು ಸಾಕು. ಖುಷಿಯಲ್ಲಿ 'ಬಾಳೆ ಹೇನು, ಪೆಂಟಲೋನಿಯಾ ನೈಗ್ರೋನರ್ವೋಸಾ' ಅಂತ ಬರೆದುಬಿಟ್ಟೆ.

ಫೆಬ್ರವರಿ 15
ಆ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕಿದೆ. ಅವಸರ ಮಾಡಿದ್ದೆ. ಬಾಳೆಯ ಹೇನನ್ನೂ ಕೆಸು, ಏಲಕ್ಕಿಯ ಹೇನನ್ನೂ ಬಹಳ ಕಾಲ ಒಂದೇ ಜಾತಿ ಅಂತ ಎಣಿಸುತ್ತಿದ್ದರು. 2010ರಲ್ಲಿ ಡಿಎನ್ಎ ಮತ್ತು ಅಳತೆ ಎರಡನ್ನೂ ಹೋಲಿಸಿ, ಇವು ಬೇರೆ ಬೇರೆ ಅಂತ ತೋರಿಸಿದರು. ಎರಡನೆಯದಕ್ಕೆ ಪೆಂಟಲೋನಿಯಾ ಕಲಾಡಿ ಅನ್ನೋ ಹೆಸರು 1917ರಲ್ಲೇ ಇತ್ತು.

ಹೆಸರು ಬೇರೆಯಾದರೆ ನಮಗೇನು ಅನ್ನಬಹುದು. ಜಾಸ್ತಿನೇ ಇದೆ! ಏಲಕ್ಕಿಗೆ ಕಟ್ಟೆ ಅನ್ನೋ ವೈರಸ್ ರೋಗ ಹರಡುವುದು ಈ ಕಲಾಡಿ. ಬಾಳೆಯ ಗೊಂಚಲು ತುದಿ ರೋಗ ಹರಡುವುದು ಆ ಇನ್ನೊಂದು, ನೈಗ್ರೋನರ್ವೋಸಾ. ನಮ್ಮ ತೋಟದಲ್ಲಿ ಏಲಕ್ಕಿ, ಬಾಳೆ, ಕೆಸು ಮೂರೂ ಹತ್ತು ಹೆಜ್ಜೆಯೊಳಗೆ ಇವೆ.

ಫೆಬ್ರವರಿ 16
ಏಲಕ್ಕಿ ಸಾಲು ಪೂರ್ತಿ ನೋಡಿದೆ. ಒಂದು ಬುಡದ ಎಳೆ ಎಲೆಯಲ್ಲಿ ನಡುನರದಿಂದ ಅಂಚಿಗೆ ತಿಳಿಹಸಿರು ಗೆರೆಗಳು. ಬೆಳಕಿಗೆ ಹಿಡಿದರೆ ಸ್ಪಷ್ಟ. ಕಟ್ಟೆಯೇ. ಮನಸ್ಸಿಗೆ ಬೇಜಾರಾಯಿತು. ಅಪ್ಪ ನೆಟ್ಟ ಬುಡ ಅದು. ಕಿತ್ತು ಸುಟ್ಟೆವು. ಕಟ್ಟೆಗೆ ಔಷಧಿ ಇಲ್ಲ. ರೋಗದ ಗೆಡ್ಡೆ ನೆಟ್ಟರೂ ಬರುತ್ತದೆ, ಹೇನಿನಿಂದಲೂ ಬರುತ್ತದೆ, ಬೀಜದಿಂದ ಮಾತ್ರ ಬರುವುದಿಲ್ಲ.

ಫೆಬ್ರವರಿ 22
ಕೆಸು, ಏಲಕ್ಕಿ, ಬಾಳೆಯ ಹೇನುಗಳನ್ನು ಬೇರೆ ಬೇರೆ ಸೀಸೆಯಲ್ಲಿ ಆಲ್ಕೋಹಾಲ್ ಹಾಕಿ ಇಟ್ಟೆ. ಗಿಡದ ಹೆಸರು, ಜಾಗ, ತಾರೀಖು ಪೆನ್ಸಿಲ್ಲಿನಲ್ಲಿ ಬರೆದು ಚೀಟಿಯನ್ನು ಸೀಸೆಯ ಒಳಗೇ ಹಾಕಿದೆ. ಪೆನ್ನಿನ ಮಸಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಅಳತೆಗೆ ಅಂತ ಹೇನನ್ನು ಗಾಜಿನ ಸ್ಲೈಡಿಗೆ ಹಾಕಿದೆ. ಮೊದಲ ಸ್ಲೈಡಿನಲ್ಲಿ ಅದು ಜಜ್ಜಿಹೋಯಿತು, ಎರಡನೆಯದು ಚೆನ್ನಾಗಿ ಬಂತು.

ಪಟ್ಟಿಯಲ್ಲಿ ಈಗ ಇರುವುದು: 'ಪೆಂಟಲೋನಿಯಾ, ಕೆಸುವಿನ ಮೇಲೆ, ಬಹುಶಃ ಕಲಾಡಿ.' ಅಳತೆ ಮುಗಿಯುವವರೆಗೆ 'ಬಹುಶಃ' ತೆಗೆಯುವುದಿಲ್ಲ. ನಾಳೆ ಏಲಕ್ಕಿ ಪಕ್ಕದ ಕೆಸು ಕೀಳಬೇಕು. ಅಮ್ಮನ ಪತ್ರೊಡೆಗೆ ಬಾವಿ ಹತ್ತಿರದ ಕೆಸು ಇದೆ.